ನೆಲ್ಲುಹುಲ್ಲಿನಿಂದ ಡೀಸೆಲ್: ಎಣ್ಣೆ ಕೂಡಿಡುವ ಬ್ಯಾಕ್ಟೀರಿಯಾಗಳು

ಶೇಂಗಾ ಕಾಳಿನ ತೂಕದಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಎಣ್ಣೆ ಇರುತ್ತದೆ, ಕುಸುಬೆಯಲ್ಲಿ ಶೇ. 30ರ ಆಸುಪಾಸು. ಮಣ್ಣಿನಲ್ಲಿ ಬದುಕುವ ರೋಡೊಕಾಕಸ್ ಒಪಾಕಸ್ ಎಂಬ ಬ್ಯಾಕ್ಟೀರಿಯಾ ಇವೆರಡನ್ನೂ ಮೀರಿಸುತ್ತದೆ. ತಕ್ಕ ಆಹಾರ ಸಿಕ್ಕರೆ ಅದರ ಒಣತೂಕದ ಮುಕ್ಕಾಲು ಪಾಲು ಎಣ್ಣೆಯೇ ಆಗಿರುತ್ತದೆ. ಇದರ ಪಿಡಿ630 ಎಂಬ ತಳಿಯನ್ನು ಜರ್ಮನಿಯ ವಿಜ್ಞಾನಿಗಳು ಅನಿಲ ಕಾರ್ಖಾನೆಯೊಂದರ ಮಣ್ಣಿನಿಂದ ಬೇರ್ಪಡಿಸಿದರು. ಹೆಕ್ಟರ್ ಆಲ್ವಾರೆಜ್, ಅಲೆಕ್ಸಾಂಡರ್ ಸ್ಟೈನ್‌ಬ್ಯುಶೆಲ್ ಮತ್ತು ಸಂಗಡಿಗರು 1996ರಲ್ಲಿ ಪ್ರಕಟಿಸಿದ ಪ್ರಬಂಧದಲ್ಲಿ, ಗ್ಲುಕೋನೇಟ್ ತಿಂದು ಬೆಳೆದ ಈ ತಳಿಯ ಕೋಶಗಳಲ್ಲಿ ಕೊಬ್ಬಿನಾಮ್ಲಗಳು ಶೇ. 76ರಷ್ಟು ಇದ್ದುದು ದಾಖಲಾಗಿದೆ. ಡಾಂಬರಿನಂಥ ಕಲ್ಮಶಗಳಿಂದ ತುಂಬಿದ ನೆಲದಲ್ಲಿ ಸಿಕ್ಕ ಈ ಜೀವಿಯೇ ಎಣ್ಣೆ ಕೂಡಿಡುವ ಬ್ಯಾಕ್ಟೀರಿಯಾಗಳಿಂದ ಡೀಸೆಲ್ ತೆಗೆಯುವ ಬಹಳಷ್ಟು ಸಂಶೋಧನೆಗೆ ಬುನಾದಿಯಾಗಿದೆ.

ಬ್ಯಾಕ್ಟೀರಿಯಾಗಳೆಲ್ಲ ಹೀಗೆ ಎಣ್ಣೆ ಕೂಡಿಡುವುದಿಲ್ಲ. ಹೆಚ್ಚಿನವು ತಮ್ಮ ಕೋಶದ ಪೊರೆಗೆ ಬೇಕಾದಷ್ಟು ಕೊಬ್ಬನ್ನು ಮಾತ್ರ ತಯಾರಿಸುತ್ತವೆ. ಇನ್ನು ಕೆಲವು ಪ್ಲಾಸ್ಟಿಕ್ಕಿನಂಥ ಪಾಲಿಮರನ್ನು ಶೇಖರಿಸುತ್ತವೆ. ಗಾಣದಲ್ಲಿ ಸಿಗುವಂಥ ಎಣ್ಣೆಯನ್ನೇ, ಅಂದರೆ ಒಂದು ಗ್ಲಿಸರಾಲ್ ಅಣುವಿಗೆ ಮೂರು ಕೊಬ್ಬಿನಾಮ್ಲಗಳು ಜೋಡಿಕೊಂಡ ಟ್ರೈಗ್ಲಿಸರೈಡನ್ನೇ, ಹೇರಳವಾಗಿ ತುಂಬಿಕೊಳ್ಳುವುದು ರೋಡೊಕಾಕಸ್, ನೊಕಾರ್ಡಿಯಾ, ಮೈಕೋಬ್ಯಾಕ್ಟೀರಿಯಂ, ಸ್ಟ್ರೆಪ್ಟೊಮೈಸಿಸ್‌ನಂಥ ಕೆಲವೇ ಬಳಗಗಳು. ಡೀಸೆಲ್ ತಯಾರಿಕೆಗೆ ಬೇಕಾದುದು ಈ ಟ್ರೈಗ್ಲಿಸರೈಡ್.

ಎಣ್ಣೆಯಿಂದ ಎಂಜಿನ್ ಓಡಿಸುವ ವಿಚಾರ ಡೀಸೆಲ್ ಎಂಜಿನ್ನಿನಷ್ಟೇ ಹಳೆಯದು. 1900ರ ಪ್ಯಾರಿಸ್ ಪ್ರದರ್ಶನದಲ್ಲಿ ಒಂದು ಸಣ್ಣ ಡೀಸೆಲ್ ಎಂಜಿನ್ ಶೇಂಗಾ ಎಣ್ಣೆಯಿಂದ ಓಡಿತ್ತು. ಅದನ್ನು ಕಟ್ಟುವಾಗ ಪೆಟ್ರೋಲಿಯಂ ಇಂಧನವನ್ನಷ್ಟೇ ಗಮನದಲ್ಲಿಟ್ಟುಕೊಂಡಿದ್ದರೂ, ಯಾವ ಬದಲಾವಣೆಯೂ ಇಲ್ಲದೆ ಅದು ಎಣ್ಣೆಯಿಂದಲೂ ನಡೆಯಿತು. ಆದರೆ ಹಸಿ ಎಣ್ಣೆಯನ್ನೇ ದಿನವೂ ಸುರಿದರೆ ಇಂದಿನ ಎಂಜಿನ್ ತಾಳುವುದಿಲ್ಲ. ಎಣ್ಣೆ ಡೀಸೆಲ್‌ಗಿಂತ ಬಹಳ ಮಂದ. ಅದು ನಳಿಕೆಯಿಂದ ಸಣ್ಣ ಹನಿಗಳಾಗಿ ಚಿಮ್ಮುವುದಿಲ್ಲ, ಪೂರ್ತಿ ಉರಿಯುವುದಿಲ್ಲ, ಇಂಗಾಲ ಮೆತ್ತಿಕೊಳ್ಳುತ್ತದೆ. ಆದ್ದರಿಂದ ಎಣ್ಣೆಯನ್ನು ತೆಳುವಾಗಿಸಬೇಕು. 100 ಕೆಜಿ ಎಣ್ಣೆಗೆ ಸುಮಾರು 11 ಕೆಜಿ ಮೆಥನಾಲ್ ಮತ್ತು ಅಲ್ಪ ಪ್ರಮಾಣದ ಕಾಸ್ಟಿಕ್ ಸೋಡಾ ಸೇರಿಸಿ, 60 ಡಿಗ್ರಿಯಷ್ಟು ಬಿಸಿಯಲ್ಲಿ ಕಲಕುತ್ತಾರೆ. ಗ್ಲಿಸರಾಲ್‌ನ ಹಿಡಿತದಿಂದ ಬಿಡಿಸಿಕೊಂಡ ಮೂರು ಕೊಬ್ಬಿನಾಮ್ಲಗಳೂ ಮೆಥನಾಲ್ ಜೊತೆ ಕೂಡಿಕೊಳ್ಳುತ್ತವೆ. ಕಲಕುವುದನ್ನು ನಿಲ್ಲಿಸಿದರೆ ಪಾತ್ರೆಯಲ್ಲಿ ಎರಡು ಪದರ ಕಾಣಿಸುತ್ತವೆ: ತಳದಲ್ಲಿ ಕಂದು ಬಣ್ಣದ ಮಂದ ಗ್ಲಿಸರಾಲ್, ಮೇಲೆ ಹೊಂಬಣ್ಣದ ತೆಳು ದ್ರವ. ಮೇಲಿನದನ್ನು ತೊಳೆದು ಒಣಗಿಸಿದರೆ ಸುಮಾರು 100 ಕೆಜಿ ಜೈವಿಕ ಡೀಸೆಲ್ ಸಿಗುತ್ತದೆ. ಎಣ್ಣೆ ಶೇಂಗಾದ್ದಾಗಲಿ, ಹೊಂಗೆಯದ್ದಾಗಲಿ, ಬ್ಯಾಕ್ಟೀರಿಯಾದ್ದಾಗಲಿ, ಈ ಹಂತ ಹೆಚ್ಚುಕಡಿಮೆ ಒಂದೇ.

ಹಾಗಿದ್ದರೆ ಎಣ್ಣೆಕಾಳು ಬಿಟ್ಟು ಬ್ಯಾಕ್ಟೀರಿಯಾ ಏಕೆ? ಕೊಪ್ಪಳ ಜಿಲ್ಲೆಯ ಕುಷ್ಟಗಿ, ಯಲಬುರ್ಗಾ ತಾಲ್ಲೂಕುಗಳ ಒಣಭೂಮಿಯಲ್ಲಿ ಬೆಳೆಯುವ ಶೇಂಗಾ, ಸೂರ್ಯಕಾಂತಿ, ಕುಸುಬೆಗಳಿಗೆ ಅಡುಗೆಮನೆಯಲ್ಲೇ ಬೇಡಿಕೆ ತುಂಬಿಕೊಂಡಿದೆ. ಭಾರತ ತನಗೆ ಬೇಕಾದ ಅಡುಗೆ ಎಣ್ಣೆಯಲ್ಲಿ ಅರ್ಧಕ್ಕಿಂತ ಹೆಚ್ಚನ್ನು ಹೊರದೇಶಗಳಿಂದ ತರಿಸಿಕೊಳ್ಳುತ್ತದೆ. ಅಂಥ ದೇಶದಲ್ಲಿ ಒಗ್ಗರಣೆಯ ಎಣ್ಣೆಯನ್ನು ಟ್ಯಾಂಕಿಗೆ ಸುರಿಯುವುದು ತಪ್ಪು. ಹೀಗಾಗಿಯೇ ಕರ್ನಾಟಕ ಹೊಂಗೆ, ಬೇವು, ಹಿಪ್ಪೆಯಂಥ ತಿನ್ನಲಾಗದ ಎಣ್ಣೆಗಳತ್ತ ನೋಡಿತು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪ್ರಾಧ್ಯಾಪಕರಾಗಿದ್ದ ಉಡುಪಿ ಶ್ರೀನಿವಾಸ ಅವರು ಹೊಂಗೆ ಎಣ್ಣೆಯಿಂದ ಜನರೇಟರ್ ಓಡಿಸಿ ಹಳ್ಳಿಗೆ ವಿದ್ಯುತ್ತು, ನೀರು ಒದಗಿಸಬಹುದೆಂದು ತೋರಿಸಿಕೊಟ್ಟರು. ರಾಜ್ಯ ಸರ್ಕಾರ 2009ರಲ್ಲಿ ಜೈವಿಕ ಇಂಧನ ನೀತಿಯನ್ನೂ, ಮುಂದೆ ಅದಕ್ಕೊಂದು ಮಂಡಳಿಯನ್ನೂ ರೂಪಿಸಿತು. ಹಾಸನ ಬಳಿಯ ಮಡೆನೂರಿನಲ್ಲಿ ಜೈವಿಕ ಇಂಧನ ಪಾರ್ಕ್ ಬಂತು. ಹೊಂಗೆ ಒಳ್ಳೆಯ ಮರ. ಬರ ತಾಳುತ್ತದೆ, ಬದುವಿನಲ್ಲೂ ಬದುಕುತ್ತದೆ. ಆದರೆ ನೆಟ್ಟ ಗಿಡ ಕಾಯಿ ಬಿಡಲು ವರ್ಷಗಟ್ಟಲೆ ಕಾಯಬೇಕು, ಒಂದೊಂದು ಮರದ ಇಳುವರಿ ಒಂದೊಂದು ತರಹ, ಉದುರಿದ ಕಾಯಿಯನ್ನು ಆಯ್ದು ತರಲು ಕೈಗಳು ಬೇಕು. ಕೂಲಿ ದುಬಾರಿಯಾದಂತೆ ಬೀಜ ಮರದಡಿಯಲ್ಲೇ ಉಳಿಯುವುದು ಹೆಚ್ಚಾಯಿತು.

ಬ್ಯಾಕ್ಟೀರಿಯಾಕ್ಕೆ ಹೊಲ ಬೇಡ, ಮಳೆಗಾಲ ಬೇಡ, ಬಿಸಿಲೂ ಬೇಡ. ಮುಚ್ಚಿದ ಟ್ಯಾಂಕಿನಲ್ಲಿ ಕೆಲವೇ ದಿನಗಳಲ್ಲಿ ಅದರ ಒಂದು ಬೆಳೆ ಮುಗಿಯುತ್ತದೆ. ಅದಕ್ಕೆ ಬೇಕಾದದ್ದು ಮೂರು: ಸಕ್ಕರೆ ಅಥವಾ ಅಂಥ ಇಂಗಾಲದ ಆಹಾರ, ಗಾಳಿ, ಮತ್ತು ಅಳತೆಗೆ ತಕ್ಕ ಸಾರಜನಕ. ಈ ಮೂರನೆಯದರಲ್ಲೇ ಎಣ್ಣೆಯ ಗುಟ್ಟಿದೆ.

ಸಾರಜನಕ ಧಾರಾಳವಾಗಿದ್ದಾಗ ರೋಡೊಕಾಕಸ್ ಪ್ರೋಟೀನು ಕಟ್ಟಿಕೊಂಡು ಒಂದು ಎರಡಾಗಿ, ಎರಡು ನಾಲ್ಕಾಗಿ ಹೆಚ್ಚುತ್ತಾ ಹೋಗುತ್ತದೆ. ಸಾರಜನಕ ತೀರಿ ಸಕ್ಕರೆ ಮಾತ್ರ ಉಳಿದಾಗ ಪ್ರೋಟೀನು ಕಟ್ಟುವ ಕೆಲಸ ನಿಲ್ಲುತ್ತದೆ, ಕೋಶ ಒಡೆದು ಎರಡಾಗುವುದೂ ನಿಲ್ಲುತ್ತದೆ. ಆದರೆ ಸಕ್ಕರೆ ಒಳಗೆ ಬರುತ್ತಲೇ ಇರುತ್ತದೆ. ಸುಗ್ಗಿಯಲ್ಲಿ ಹೆಚ್ಚಾದ ಜೋಳವನ್ನು ಬರಗಾಲಕ್ಕೆಂದು ಹಗೇವಿಗೆ ಇಳಿಸಿದಂತೆ, ಆ ಜೀವಿ ಹೆಚ್ಚಿನ ಇಂಗಾಲವನ್ನೆಲ್ಲ ಎಣ್ಣೆಯಾಗಿಸಿ ಒಳಗೇ ಶೇಖರಿಸುತ್ತದೆ. ಡಿಜಿಎಟಿ ಬಗೆಯ ಕಿಣ್ವವೊಂದು ಕೊಬ್ಬಿನಾಮ್ಲದ ಕೊನೆಯ ಕೊಂಡಿಯನ್ನು ಜೋಡಿಸಿ ಟ್ರೈಗ್ಲಿಸರೈಡನ್ನು ಪೂರ್ತಿ ಮಾಡುತ್ತದೆ. ನೈಲ್ ರೆಡ್ ಎಂಬ ಬಣ್ಣ ಹಾಕಿ ಸೂಕ್ಷ್ಮದರ್ಶಕದಲ್ಲಿ ನೋಡಿದರೆ, ಮಿಲಿಮೀಟರಿನ ಸಾವಿರದಲ್ಲೊಂದು ಭಾಗದ ಲೆಕ್ಕದಲ್ಲಿ ಅಳೆಯಬೇಕಾದ ಆ ಪುಟ್ಟ ಕೋಶದೊಳಗೆ ಎಣ್ಣೆಯ ಗುಂಡುಗಳು ಹೊಳೆಯುತ್ತವೆ. ಮೊದಲು ಒಂದೆರಡು ಸಣ್ಣ ಹನಿ, ದಿನ ಕಳೆದಂತೆ ಕೋಶದ ಒಡಲೆಲ್ಲ ಅವೇ. ಮುಂದೆ ಸಾರಜನಕ ಮತ್ತೆ ಸಿಕ್ಕರೆ ಜೀವಿ ಆ ಎಣ್ಣೆಯನ್ನು ಕರಗಿಸಿ ಬೆಳವಣಿಗೆಗೆ ಬಳಸಿಕೊಳ್ಳುತ್ತದೆ. ಆದ್ದರಿಂದ ಎಣ್ಣೆ ತುಂಬಿದ ಹೊತ್ತನ್ನು ಸರಿಯಾಗಿ ಹಿಡಿದು ಕಟಾವು ಮಾಡಬೇಕು.

ಈ ಜೀವಿ ಎಣ್ಣೆಯನ್ನು ಶೂನ್ಯದಿಂದ ಸೃಷ್ಟಿಸುವುದಿಲ್ಲ, ಸಕ್ಕರೆಯನ್ನು ಎಣ್ಣೆಯಾಗಿ ಬದಲಿಸುತ್ತದೆ. ಪತ್ರಿಕೆಗಳಲ್ಲಿ ಆಗಾಗ ಬರುವ ಪವಾಡದ ಸುದ್ದಿಗಳಲ್ಲಿ ಮರೆತುಹೋಗುವ ಮಾತಿದು. ಲೆಕ್ಕದ ಪ್ರಕಾರ ಒಂದು ಕೆಜಿ ಎಣ್ಣೆಗೆ ಕನಿಷ್ಠ ಮೂರು ಕೆಜಿ ಗ್ಲೂಕೋಸ್ ಬೇಕು. ನಿಜವಾಗಿ ಹಿಡಿಯುವುದು ಇನ್ನೂ ಹೆಚ್ಚು. ಅಮೆರಿಕದ ಎಂಐಟಿಯಲ್ಲಿ ಕಜುಹಿಕೊ ಕುರೋಸಾವಾ, ಆಂಟನಿ ಸಿನ್‌ಸ್ಕಿ ಮತ್ತು ಸಂಗಡಿಗರು 2010ರಲ್ಲಿ ವರದಿ ಮಾಡಿದ ಪ್ರಯೋಗದಲ್ಲಿ ಪಿಡಿ630 ತಳಿ ಲೀಟರಿಗೆ 240 ಗ್ರಾಂ ಗ್ಲೂಕೋಸ್ ಇದ್ದ ಪಾಕದಲ್ಲೂ ಬೆಳೆದು, 77 ಗ್ರಾಂಗಿಂತ ಹೆಚ್ಚು ಒಣಕೋಶ ಕೊಟ್ಟಿತು. ಅದರಲ್ಲಿ ಶೇ. 38ರಷ್ಟು ಎಣ್ಣೆ. ಅಷ್ಟು ಗಟ್ಟಿ ಪಾಕದಲ್ಲಿ ಬದುಕಿದ್ದೇ ದೊಡ್ಡ ಸಂಗತಿ. ಆದರೆ ಆ ಲೆಕ್ಕದಲ್ಲಿ ಒಂದು ಕೆಜಿ ಎಣ್ಣೆಗೆ ಎಂಟು ಕೆಜಿ ಸಕ್ಕರೆ ಬೇಕಾಯಿತು. ಸುಧಾರಿಸಿದ ತಳಿ ಐದು ಕೆಜಿಯಲ್ಲೇ ಕೆಲಸ ಮುಗಿಸುತ್ತದೆ ಎಂದುಕೊಂಡರೂ, ಕೆಜಿಗೆ 40 ರೂಪಾಯಿಯ ಸಕ್ಕರೆ ಹಾಕಿದರೆ ಕಚ್ಚಾಮಾಲಿಗೇ 200 ರೂಪಾಯಿ. ಅಂಗಡಿಯ ಸಕ್ಕರೆಯಿಂದ ಡೀಸೆಲ್ ಮಾಡಲಾಗದು, ಮಾಡಲೂ ಬಾರದು. ಬಿಸಾಡುವ ವಸ್ತುವಿನಲ್ಲಿ ಅಡಗಿರುವ ಸಕ್ಕರೆ ಬೇಕು.

ಅಂಥ ಸಕ್ಕರೆ ಕೊಪ್ಪಳ ಜಿಲ್ಲೆಯ ಗಂಗಾವತಿ, ಕಾರಟಗಿ ಭಾಗದಲ್ಲಿ ಗದ್ದೆಗಳಲ್ಲೇ ಬಿದ್ದಿದೆ. 1953ರಲ್ಲಿ ನೀರು ಹರಿಯತೊಡಗಿದ ತುಂಗಭದ್ರಾ ಯೋಜನೆಯನ್ನು ಕಡಿಮೆ ನೀರಿನ ಬೆಳೆಗಳಿಗೆಂದು ರೂಪಿಸಿದ್ದರೂ, ಎಡದಂಡೆ ಕಾಲುವೆಯ ಅಚ್ಚುಕಟ್ಟಿನಲ್ಲಿ ನೆಲ್ಲು ಬೇರೂರಿತು. ಗಂಗಾವತಿಯ ಸೋನಾ ಮಸೂರಿ, ಅಲ್ಲಿನ ಅಕ್ಕಿ ಗಿರಣಿಗಳು ನಾಡಿಗೆಲ್ಲ ಗೊತ್ತು. ಕೂಲಿಯವರು ಕುಡುಗೋಲಿನಿಂದ ಕೊಯ್ಯುತ್ತಿದ್ದ ಕಾಲದಲ್ಲಿ ಹುಲ್ಲು ಸಿವುಡುಸಿವುಡಾಗಿ ಬಣವೆ ಸೇರುತ್ತಿತ್ತು. ಈಗ ಕಟಾವು ಯಂತ್ರ ಕಾಳನ್ನು ಒಕ್ಕಿ ಕೊಟ್ಟು ಹುಲ್ಲನ್ನು ತುಂಡರಿಸಿ ಗದ್ದೆಯಲ್ಲೇ ಚೆಲ್ಲಿ ಹೋಗುತ್ತದೆ. ಕಾಲುವೆಗೆ ಮತ್ತೆ ನೀರು ಬರುವಷ್ಟರಲ್ಲಿ ಗದ್ದೆ ಖಾಲಿಯಾಗಬೇಕು. ಹಾಗಾಗಿ ಎಷ್ಟೋ ಕಡೆ ಬೆಂಕಿಯೇ ಸುಲಭದ ದಾರಿಯಾಗಿದೆ. ಅದರೊಂದಿಗೆ ಮಣ್ಣಿಗೆ ಸೇರಬೇಕಾದ ಸಾರಜನಕ, ಗಂಧಕಗಳೂ ಹೊಗೆಯಾಗಿ ಹೋಗುತ್ತವೆ.

ಒಣ ನೆಲ್ಲುಹುಲ್ಲಿನ ತೂಕದಲ್ಲಿ ಅರ್ಧಕ್ಕಿಂತ ಹೆಚ್ಚು ಪಾಲು ಸೆಲ್ಯುಲೋಸ್ ಮತ್ತು ಹೆಮಿಸೆಲ್ಯುಲೋಸ್. ಎರಡೂ ಸಕ್ಕರೆ ಅಣುಗಳ ಉದ್ದ ಸರಪಣಿಗಳು. ಸೆಲ್ಯುಲೋಸಿನಿಂದ ಗ್ಲೂಕೋಸ್, ಹೆಮಿಸೆಲ್ಯುಲೋಸಿನಿಂದ ಹೆಚ್ಚಾಗಿ ಜೈಲೋಸ್ ಸಿಗುತ್ತವೆ. ಮೆಕ್ಕೆಜೋಳದ ಕಾಳು ಬಿಡಿಸಿದ ಮೇಲೆ ಉಳಿಯುವ ದಿಂಡಿನಲ್ಲೂ ಜೈಲೋಸ್ ಹೇರಳ. ಇವನ್ನು ಬಿಗಿದಿಟ್ಟಿರುವುದು ಲಿಗ್ನಿನ್ ಎಂಬ ಗಡಸು ವಸ್ತು. ಜೊತೆಗೆ ನೆಲ್ಲುಹುಲ್ಲಿನಲ್ಲಿ ಮರಳಿನ ಗುಣದ ಸಿಲಿಕಾ ಬೇರೆ ಹುಲ್ಲುಗಳಿಗಿಂತ ಹೆಚ್ಚು. ಯಂತ್ರದ ಅಲಗುಗಳನ್ನು ಅದು ಸವೆಸುತ್ತದೆ. ಹುಲ್ಲನ್ನು ಕತ್ತರಿಸಿ, ಸೌಮ್ಯ ಆಮ್ಲ ಅಥವಾ ಕ್ಷಾರದೊಡನೆ ಒತ್ತಡದಲ್ಲಿ ಬೇಯಿಸಿ, ಬಿಗಿ ಸಡಿಲಿಸಿ, ಬಳಿಕ ಸೆಲ್ಯುಲೇಸ್ ಕಿಣ್ವ ಹಾಕಿ ಸರಪಣಿಗಳನ್ನು ಕಡಿಯಬೇಕು. ಬೇಯಿಸುವಾಗ ಫರ್ಫ್ಯುರಾಲ್, ಅಸಿಟಿಕ್ ಆಮ್ಲಗಳಂಥ ಸೂಕ್ಷ್ಮಜೀವಿಗಳಿಗೆ ಆಗದ ವಸ್ತುಗಳೂ ಹುಟ್ಟಿಕೊಳ್ಳುತ್ತವೆ. ಇಲ್ಲಿ ರೋಡೊಕಾಕಸ್‌ನ ಹುಟ್ಟೂರು ನೆರವಿಗೆ ಬರುತ್ತದೆ. ಕಲ್ಮಶದ ಮಣ್ಣಿನಲ್ಲಿ ಬದುಕಿ ಬಂದ ಅದಕ್ಕೆ ಇಂಥ ವಿಷಗಳನ್ನು ತಾಳುವ ಶಕ್ತಿ ಹೆಚ್ಚು. ಲಿಗ್ನಿನ್ನಿನ ಚೂರುಗಳನ್ನೂ ಅದು ತಿಂದು ಅಲ್ಪಸ್ವಲ್ಪ ಎಣ್ಣೆ ಮಾಡಬಲ್ಲದೆಂದು ತೋರಿಸಲಾಗಿದೆ. ಹುಟ್ಟಾ ಅದಕ್ಕೆ ಜೈಲೋಸ್ ಮಾತ್ರ ಒಗ್ಗುವುದಿಲ್ಲ. ಎಂಐಟಿಯವರು ಬೇರೆ ಬ್ಯಾಕ್ಟೀರಿಯಾದ ಜೀನ್ ಸೇರಿಸಿ ಆ ಕೊರತೆಯನ್ನೂ ನೀಗಿಸಿದರು.

ಒಂದು ಟನ್ ಒಣಹುಲ್ಲಿನಿಂದ 400 ಕೆಜಿ ಸಕ್ಕರೆ ಬಿಡಿಸಿಕೊಂಡು, ಐದಕ್ಕೆ ಒಂದರಂತೆ ಎಣ್ಣೆ ಸಿಕ್ಕಿತೆಂದರೆ 80 ಕೆಜಿ ಎಣ್ಣೆ, ಅಂದರೆ ಸುಮಾರು 90 ಲೀಟರ್ ಜೈವಿಕ ಡೀಸೆಲ್. ಎಕರೆಗೆ ಎರಡು ಟನ್ ಹುಲ್ಲು ಎಂದಿಟ್ಟುಕೊಂಡರೆ 180 ಲೀಟರ್. ಇದು ಕಾಗದದ ಮೇಲಿನ ಲೆಕ್ಕ. ಬೇಯಿಸುವ, ಗಾಳಿ ಊದುವ, ಒಣಗಿಸುವ ಖರ್ಚನ್ನು ಇದರಲ್ಲಿ ಕಳೆದಿಲ್ಲ. ಪಕ್ಕದಲ್ಲಿಟ್ಟು ನೋಡಲು ಹರಿಯಾಣದ ಪಾಣಿಪತ್‌ನಲ್ಲಿ ಇಂಡಿಯನ್ ಆಯಿಲ್ ಕಟ್ಟಿದ ಎಥನಾಲ್ ಘಟಕವಿದೆ. 2022ರಲ್ಲಿ ಉದ್ಘಾಟನೆಯಾದ ಅದು ವರ್ಷಕ್ಕೆ ಎರಡು ಲಕ್ಷ ಟನ್ ನೆಲ್ಲುಹುಲ್ಲಿನಿಂದ ಸುಮಾರು ಮೂರು ಕೋಟಿ ಲೀಟರ್ ಎಥನಾಲ್ ತೆಗೆಯಲೆಂದು ರೂಪುಗೊಂಡಿದೆ, ಅಂದರೆ ಟನ್ನಿಗೆ 150 ಲೀಟರ್. ಲೀಟರಿಗೆ ಲೀಟರ್ ಹೋಲಿಸಿದರೆ ಎಥನಾಲ್ ಗೆದ್ದಂತೆ ಕಾಣುತ್ತದೆ. ಆದರೆ ಒಂದು ಲೀಟರ್ ಜೈವಿಕ ಡೀಸೆಲ್‌ನಲ್ಲಿ ಎಥನಾಲ್‌ಗಿಂತ ಒಂದೂವರೆ ಪಟ್ಟು ಹೆಚ್ಚು ಶಕ್ತಿಯಿದೆ. ಒಟ್ಟು ಶಕ್ತಿಯ ಲೆಕ್ಕದಲ್ಲಿ ಎರಡೂ ಹತ್ತಿರಹತ್ತಿರ ನಿಲ್ಲುತ್ತವೆ. ಎಥನಾಲ್ ಪೆಟ್ರೋಲಿಗೆ ಬೆರೆಯುತ್ತದೆ, ಬೈಕು ಕಾರುಗಳಿಗೆ ಹೋಗುತ್ತದೆ. ರೈತನ ಟ್ರ್ಯಾಕ್ಟರ್, ಕಟಾವು ಯಂತ್ರ, ಅಕ್ಕಿ ಹೊತ್ತೊಯ್ಯುವ ಲಾರಿ ಇವೆಲ್ಲ ಓಡುವುದು ಡೀಸೆಲ್‌ನಿಂದ. ಎಣ್ಣೆ ಬ್ಯಾಕ್ಟೀರಿಯಾದ ಮೇಲೆ ಭರವಸೆಯಿಡಲು ಇದೊಂದೇ ಕಾರಣ ಸಾಕು.

ಟ್ಯಾಂಕಿನ ಕೆಲಸ ಸಾರಾಯಿ ಹುದುಗಿಸಿದಷ್ಟು ಸಲೀಸಲ್ಲ. ಎಥನಾಲ್ ಮಾಡುವ ಯೀಸ್ಟಿಗೆ ಗಾಳಿ ಬೇಡ. ರೋಡೊಕಾಕಸ್‌ಗೆ ಹಗಲೂ ರಾತ್ರಿ ಗಾಳಿ ಊದುತ್ತಿರಬೇಕು, ಕಲಕುತ್ತಿರಬೇಕು, ಏಳುವ ನೊರೆ ಇಳಿಸಬೇಕು. ಕೊಪ್ಪಳದ ಬೇಸಿಗೆಯಲ್ಲಿ ಟ್ಯಾಂಕನ್ನು 30 ಡಿಗ್ರಿಯ ಆಸುಪಾಸಿಗೆ ತಂಪಾಗಿಡಲೂ ವಿದ್ಯುತ್ತು ಬೇಕು. ಸಕ್ಕರೆ ಪಾಕ ಕಂಡಲ್ಲಿ ನುಗ್ಗುವ ಬೇರೆ ಸೂಕ್ಷ್ಮಜೀವಿಗಳನ್ನು ದೂರವಿಡಲು ಎಲ್ಲವನ್ನೂ ಹಬೆಯಲ್ಲಿ ಶುದ್ಧಗೊಳಿಸಬೇಕು. ಕೊನೆಗೆ ನೀರಿನಲ್ಲಿ ತೇಲುವ ಕೋಶಗಳನ್ನು ಸೆಂಟ್ರಿಫ್ಯೂಜಿನಲ್ಲಿ ತಿರುಗಿಸಿ ಬೇರ್ಪಡಿಸಬೇಕು. ಅವುಗಳ ಹೊರಗೋಡೆ ಮೇಣದಂಥ ಆಮ್ಲಗಳಿಂದ ಗಟ್ಟಿಯಾಗಿದೆ, ಒಡೆಯುವುದು ಕಷ್ಟ.

ಒಡೆದ ಮೇಲಿನ ಹಾದಿ ಮಾತ್ರ ಅಕ್ಕಿ ಗಿರಣಿಯ ಸೀಮೆಗೆ ಪರಿಚಿತ. ತೌಡಿನಲ್ಲಿ ಶೇ. 15ರಿಂದ 20ರಷ್ಟು ಎಣ್ಣೆ ಇರುತ್ತದೆ. ಗಾಣಕ್ಕೆ ಅದು ಸಿಗುವುದಿಲ್ಲ. ಹೆಕ್ಸೇನ್ ಎಂಬ ದ್ರಾವಕದಲ್ಲಿ ಕರಗಿಸಿ, ದ್ರಾವಕವನ್ನು ಆವಿಯಾಗಿಸಿ ಎಣ್ಣೆ ಉಳಿಸಿಕೊಳ್ಳುತ್ತಾರೆ. ಬ್ಯಾಕ್ಟೀರಿಯಾದ ಎಣ್ಣೆಯನ್ನೂ ಇದೇ ರೀತಿ ತೆಗೆಯಬಹುದು. ತೌಡಿನ ಇನ್ನೊಂದು ಪಾಠವೂ ಇಲ್ಲಿ ಅನ್ವಯಿಸುತ್ತದೆ. ಅಕ್ಕಿಯಿಂದ ಬೇರೆಯಾದ ಗಳಿಗೆಯಿಂದಲೇ ತೌಡಿನೊಳಗಿನ ಲೈಪೇಸ್ ಕಿಣ್ವ ಎಣ್ಣೆಯನ್ನು ಒಡೆದು ಬಿಡಿ ಆಮ್ಲವಾಗಿಸುತ್ತದೆ. ಬಿಸಿ ಮಾಡಿ ಅದನ್ನು ತಡೆಯದಿದ್ದರೆ ಎಣ್ಣೆ ಅಡುಗೆಗೆ ಬಾರದು. ಅಂಥ ಹುಳಿ ಎಣ್ಣೆಗೆ ಕಾಸ್ಟಿಕ್ ಹಾಕಿದರೆ ಡೀಸೆಲ್ ಬದಲು ಸಾಬೂನು ಆಗುತ್ತದೆ. ಮೊದಲು ಆಮ್ಲ ಹಾಕಿ ಸರಿಪಡಿಸಿದರೆ ಅದೂ ಜೈವಿಕ ಡೀಸೆಲ್ ಆಗಬಲ್ಲದು. ಕೆಟ್ಟ ತೌಡಿನ ಎಣ್ಣೆ, ಹೋಟೆಲಿನಲ್ಲಿ ಕರಿದು ಉಳಿದ ಎಣ್ಣೆ, ಇವುಗಳಿಂದ ಡೀಸೆಲ್ ಮಾಡುವ ತಂತ್ರ ಇಂದೇ ಕೈಯಲ್ಲಿದೆ. ಬ್ಯಾಕ್ಟೀರಿಯಾದ ಎಣ್ಣೆಗೆ ಮುಂಚೆ ಇವುಗಳ ಸರದಿ ಬರುವುದು ನ್ಯಾಯ.

ಒಡೆಯುವ, ಕರಗಿಸುವ ಕಷ್ಟವನ್ನೇ ತಪ್ಪಿಸಲು ಇನ್ನೊಂದು ದಾರಿ ಹುಡುಕಲಾಯಿತು. ಬ್ಯಾಕ್ಟೀರಿಯಾ ತಾನೇ ಡೀಸೆಲ್ ತಯಾರಿಸಿದರೆ? 2006ರಲ್ಲಿ ಸ್ಟೈನ್‌ಬ್ಯುಶೆಲ್ ತಂಡ ಪ್ರಯೋಗಶಾಲೆಗಳ ಹಳೆಯ ಒಡನಾಡಿಯಾದ ಇ. ಕೋಲಿಗೆ ಎರಡು ಬೇರೆ ಬ್ಯಾಕ್ಟೀರಿಯಾಗಳ ಜೀನ್‌ಗಳನ್ನು ಸೇರಿಸಿತು. ಒಂದರ ಜೀನ್‌ಗಳು ಎಥನಾಲ್ ತಯಾರಿಸಿದವು, ಇನ್ನೊಂದರದು ಆ ಎಥನಾಲನ್ನು ಕೊಬ್ಬಿನಾಮ್ಲಕ್ಕೆ ಜೋಡಿಸಿತು. ಕೋಶದ ಒಣತೂಕದ ಶೇ. 26ರಷ್ಟು ಡೀಸೆಲ್ ಸಿಕ್ಕಿತು. ಅದಕ್ಕೆ ಮೈಕ್ರೋಡೀಸೆಲ್ ಎಂದು ಹೆಸರಿಟ್ಟರು. ಆದರೆ ಆಗ ಕೊಬ್ಬಿನಾಮ್ಲವನ್ನು ಹೊರಗಿನಿಂದ ಉಣಿಸಬೇಕಾಗಿತ್ತು. 2010ರಲ್ಲಿ ಕ್ಯಾಲಿಫೋರ್ನಿಯಾದ ಜೇ ಕೀಸ್ಲಿಂಗ್ ತಂಡ ಮತ್ತು ಎಲ್‌ಎಸ್9 ಕಂಪನಿಯ ವಿಜ್ಞಾನಿಗಳು ಸಕ್ಕರೆಯಿಂದಲೇ ಇದನ್ನು ಮಾಡಿಸಿದರು. 2019ರಲ್ಲಿ ದಕ್ಷಿಣ ಕೊರಿಯಾದ ಸಾಂಗ್ ಯುಪ್ ಲೀ ತಂಡ ರೋಡೊಕಾಕಸ್ ಒಪಾಕಸನ್ನೇ ಮಾರ್ಪಡಿಸಿ ಲೀಟರಿಗೆ 50 ಗ್ರಾಂ ಕೊಬ್ಬಿನಾಮ್ಲವನ್ನೂ, ಬೇರೊಂದು ತಳಿಯಿಂದ 21 ಗ್ರಾಂ ಸಿದ್ಧ ಡೀಸೆಲನ್ನೂ ಪಡೆಯಿತು. ಪ್ರಯೋಗಶಾಲೆ ಹೀಗೆ ಮುಂದೆ ಸಾಗುತ್ತಿದ್ದರೂ ಮಾರುಕಟ್ಟೆ ಕೈಕೊಟ್ಟಿತು. ಎಲ್‌ಎಸ್9 2014ರಲ್ಲಿ ಇನ್ನೊಂದು ಕಂಪನಿಗೆ ಮಾರಾಟವಾಯಿತು. ಅದೇ ವರ್ಷದ ಕೊನೆಗೆ ಕಚ್ಚಾತೈಲದ ಬೆಲೆ ಕುಸಿದು, ಸೂಕ್ಷ್ಮಜೀವಿ ಇಂಧನದ ಉದ್ಯಮಗಳು ಸೌಂದರ್ಯವರ್ಧಕ, ಸಾಬೂನು, ಆಹಾರದ ಎಣ್ಣೆಗಳಂಥ ಹೆಚ್ಚು ಬೆಲೆಯ ಸರಕುಗಳತ್ತ ತಿರುಗಿದವು.

ಪಾಚಿಯಿಂದ ಡೀಸೆಲ್ ಎಂಬುದು ಇದಕ್ಕೆ ಹತ್ತಿರದ, ಆದರೆ ಬೇರೆಯೇ ಆದ ವಿಷಯ. ಭಾರತೀಯ ವಿಜ್ಞಾನ ಸಂಸ್ಥೆಯ ಟಿ. ವಿ. ರಾಮಚಂದ್ರ ಮತ್ತು ಸಂಗಡಿಗರು 2009ರಲ್ಲಿ, ಗಾಜಿನ ಚಿಪ್ಪಿನ ಡಯಾಟಮ್ ಎಂಬ ಸೂಕ್ಷ್ಮ ಪಾಚಿಗಳನ್ನು ಕೊಲ್ಲದೆ, ಹಸುವಿನಿಂದ ಹಾಲು ಕರೆದಂತೆ ಅವುಗಳಿಂದ ಎಣ್ಣೆ ಪಡೆಯುವ ಪರಿಕಲ್ಪನೆ ಮುಂದಿಟ್ಟರು. ಪಾಚಿಗೆ ಸಕ್ಕರೆ ಬೇಡ, ಬಿಸಿಲು ಸಾಕು. ಆದರೆ ವಿಶಾಲವಾದ ಕೊಳ ಬೇಕು, ಬೆಳವಣಿಗೆ ನಿಧಾನ. ತುಂಗಭದ್ರಾ ಜಲಾಶಯದ ನೀರು ಕೆಲವು ವರ್ಷ ಹಸಿರಾಗಿ ಜನರಲ್ಲಿ ಕಳವಳ ಹುಟ್ಟಿಸುವುದುಂಟು. ನೀರನ್ನು ಹಾಗೆ ಹಸಿರಾಗಿಸುವ ನೀಲಿಹಸಿರು ಪಾಚಿ ನಿಜವಾಗಿ ಬ್ಯಾಕ್ಟೀರಿಯಾವೇ. ಆದರೆ ಅದು ತನ್ನ ಉಳಿತಾಯವನ್ನು ಹಿಟ್ಟಿನಂಥ ಗ್ಲೈಕೋಜನ್ ಆಗಿ ಇಟ್ಟುಕೊಳ್ಳುತ್ತದೆ. ಆ ಹಸಿರನ್ನು ಬಳಿದು ತಂದು ಡೀಸೆಲ್ ಮಾಡುವ ಆಸೆ ಫಲಿಸದು. ಗೊಬ್ಬರ, ಕೊಳಚೆ ನದಿಗೆ ಸೇರದಂತೆ ತಡೆಯುವುದೇ ಅಲ್ಲಿ ಆಗಬೇಕಾದ ಕೆಲಸ.

ಹುಲ್ಲಿನ ವಿಚಾರದಲ್ಲೂ ಎಚ್ಚರ ಬೇಕು. ಅದು ಎಲ್ಲ ವರ್ಷವೂ ಬಿಸಾಡುವ ವಸ್ತುವಲ್ಲ. ಮಳೆ ಕೈಕೊಟ್ಟ ವರ್ಷ ಕುಷ್ಟಗಿ, ಯಲಬುರ್ಗಾ ಕಡೆಯ ದನಕರುಗಳಿಗೆ ಮೇವು ಸಿಗುವುದು ನೀರಾವರಿ ಸೀಮೆಯ ನೆಲ್ಲುಹುಲ್ಲಿನಿಂದಲೇ. ಟ್ರ್ಯಾಕ್ಟರುಗಟ್ಟಲೆ ಹುಲ್ಲು ಆಗ ಒಣಸೀಮೆಗೆ ಸಾಗುತ್ತದೆ. ಕಾರ್ಖಾನೆಯೊಂದು ಬಂದು ಹುಲ್ಲನ್ನೆಲ್ಲ ಗುತ್ತಿಗೆ ಹಿಡಿದರೆ ಬರದ ವರ್ಷ ರೈತ ಎತ್ತು ಮಾರಬೇಕಾದೀತು. ಹಾಗಾಗಿ ಲೆಕ್ಕ ಹಾಕುವವರು ಮೊದಲು ಮೇವಿನ ಪಾಲನ್ನು, ಮಣ್ಣಿಗೆ ಮರಳಬೇಕಾದ ಪಾಲನ್ನು ತೆಗೆದಿಟ್ಟು, ಸುಟ್ಟುಹೋಗುವ ಪಾಲನ್ನಷ್ಟೇ ಕಚ್ಚಾಮಾಲೆಂದು ಎಣಿಸಬೇಕು. ಹುಲ್ಲು ಸಿಗುವುದು ಕಟಾವಿನ ಕೆಲವೇ ವಾರಗಳಲ್ಲಿ. ಟ್ಯಾಂಕಿಗೆ ವರ್ಷವಿಡೀ ಬೇಕು. ಅದನ್ನು ಬೇಲರ್ ಯಂತ್ರದಿಂದ ಸುತ್ತಿ, ನೆನೆಯದಂತೆ, ಬೆಂಕಿ ತಗಲದಂತೆ ಕಾಯ್ದಿಡುವ ಖರ್ಚೂ ಸಣ್ಣದಲ್ಲ.

ಖರ್ಚು ತಗ್ಗಿಸಲು ಉಳಿಕೆಗಳು ನೆರವಾಗುತ್ತವೆ. ಎಣ್ಣೆ ತೆಗೆದ ಕೋಶಗಳಲ್ಲಿ ಪ್ರೋಟೀನು ಇರುವುದರಿಂದ ಅವನ್ನು ಗೊಬ್ಬರ ಅನಿಲಕ್ಕೆ ಬಳಸಬಹುದು. ಪ್ರತಿ 100 ಕೆಜಿ ಡೀಸೆಲ್ ಜೊತೆ 10 ಕೆಜಿ ಗ್ಲಿಸರಾಲ್ ಉಳಿಯುತ್ತದೆ. ಕಚ್ಚಾ ಗ್ಲಿಸರಾಲ್‌ಗೆ ಮಾರುಕಟ್ಟೆಯಲ್ಲಿ ಬೆಲೆ ಕಡಿಮೆ. ಆದರೆ ಅದನ್ನೇ ತಿಂದು ಮತ್ತೆ ಎಣ್ಣೆ ಮಾಡುವ ರೋಡೊಕಾಕಸ್ ತಳಿಯನ್ನು ಎಂಐಟಿಯ ತಂಡ ರೂಪಿಸಿದೆ. ಕಾರ್ಖಾನೆಯ ಉಳಿಕೆ ಅದೇ ಕಾರ್ಖಾನೆಯ ಟ್ಯಾಂಕಿಗೆ ಆಹಾರವಾಗುವ ಈ ಏರ್ಪಾಡು ಜೈವಿಕ ಡೀಸೆಲ್ ಘಟಕಗಳಿಗೆ ಹೊಂದುವಂಥದ್ದು.

ಎಣ್ಣೆಯ ಗುಣವೂ ಈ ಸೀಮೆಗೆ ಒಗ್ಗುತ್ತದೆ. ರೋಡೊಕಾಕಸ್‌ನ ಎಣ್ಣೆಯಲ್ಲಿ ಪಾಮಿಟಿಕ್‌ನಂಥ ಪರ್ಯಾಪ್ತ ಕೊಬ್ಬಿನಾಮ್ಲಗಳು ಹೆಚ್ಚು. ಅವು ಎಂಜಿನ್ನಿನಲ್ಲಿ ಬೇಗ ಹೊತ್ತಿಕೊಳ್ಳುತ್ತವೆ, ಸಂಗ್ರಹಿಸಿಟ್ಟಾಗ ಬೇಗ ಕೆಡುವುದಿಲ್ಲ, ಆದರೆ ಚಳಿಗೆ ಹೆಪ್ಪುಗಟ್ಟುತ್ತವೆ. ಯುರೋಪಿನ ಚಳಿಗಾಲದಲ್ಲಿ ಇದು ದೊಡ್ಡ ತೊಡಕು, ಕೊಪ್ಪಳದ ಹವೆಯಲ್ಲಿ ಅಲ್ಲ. ಭಾರತದ 2018ರ ರಾಷ್ಟ್ರೀಯ ಜೈವಿಕ ಇಂಧನ ನೀತಿ 2030ರ ವೇಳೆಗೆ ಡೀಸೆಲ್‌ಗೆ ಶೇ. 5 ಜೈವಿಕ ಡೀಸೆಲ್ ಬೆರೆಸುವ ಗುರಿ ಇಟ್ಟಿದೆ. ಹಾಗೆ ಬೆರೆಸುವ ಜೈವಿಕ ಡೀಸೆಲ್, ಅದು ಯಾವ ಮೂಲದ್ದೇ ಆಗಿರಲಿ, ಭಾರತೀಯ ಮಾನಕ ಬ್ಯೂರೋದ ಐಎಸ್ 15607 ಮಾನದಂಡಕ್ಕೆ ಒಪ್ಪಬೇಕು. ಜೀನ್ ಮಾರ್ಪಡಿಸಿದ ಬ್ಯಾಕ್ಟೀರಿಯಾ ಬಳಸುವವರು ಪರಿಸರ ಸಂರಕ್ಷಣಾ ಕಾಯ್ದೆಯಡಿ 1989ರಲ್ಲಿ ಬಂದ ನಿಯಮಗಳಂತೆ ಅನುಮತಿಯನ್ನೂ ಪಡೆಯಬೇಕು.